ಒಂದೇ ಬಂಗುಡೆಯ ಪರೀಕ್ಷೆ

ಭಾನುವಾರ ಬೆಳಿಗ್ಗೆ ಉದ್ಯಾವರದ ಮನೆಯ ಹಿತ್ತಲಲ್ಲಿ ದೇಜಪ್ಪ ಬಂಗುಡೆ ಮೀನು ಕೊಯ್ಯುತ್ತಿದ್ದರು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದು ವಾರವಾಗಿತ್ತಷ್ಟೆ. ಮಗಳು ತೃಪ್ತಿ ಚಹಾ ಹಿಡಿದು ಬಂದಾಗ ಅವರು ಒಂದು ಮೀನಿನ ಹೊಟ್ಟೆ ಬಿಡಿಸಿ ತೋರಿಸಿದರು.

“ನೋಡು ಮಗಾ, ನಿನ್ನ ಲೆಕ್ಕದಲ್ಲಿ ಇದು ಇನ್ನೂ ಮರಿ. ಹೊಟ್ಟೆ ತುಂಬ ಮೊಟ್ಟೆ ಉಂಟು.”

“ಒಂದು ಮೀನು ನೋಡಿ ಹಾಗೆಲ್ಲ ಹೇಳಲಿಕ್ಕಾಗುವುದಿಲ್ಲ ಅಪ್ಪಾ. ನಾನು ಹತ್ತು ಸಾವಿರ ಮೀನು ಅಳೆದಿದ್ದೇನೆ.”

“ನೀನು ಅಳೆದದ್ದು ಹತ್ತು ಸಾವಿರ. ನಾನು ಹಿಡಿದದ್ದು ಎಷ್ಟು ಅಂತ ಆ ಕಡಲಿಗೇ ಗೊತ್ತು,” ಎಂದು ದೇಜಪ್ಪ ನಕ್ಕರು. ತೃಪ್ತಿಗೆ ನಗು ಬರಲಿಲ್ಲ.

ನಗುವ ಮಾತೂ ಅಲ್ಲ. ತೃಪ್ತಿ ಮಣಿಪಾಲದ ಒಂದು ಸಂಶೋಧನಾ ಕೇಂದ್ರದಲ್ಲಿ ಮೀನುಗಳ ಬೆಳವಣಿಗೆಯನ್ನು ಅಭ್ಯಾಸ ಮಾಡುವವಳು. ಬಂಗುಡೆ ಎಷ್ಟು ಉದ್ದವಾದ ಮೇಲೆ ಮೊಟ್ಟೆಯಿಡುತ್ತದೆಂದು ಕಂಪ್ಯೂಟರಿನಲ್ಲಿ ತಾನೇ ಪ್ರೋಗ್ರಾಂ ಬರೆದು ಲೆಕ್ಕ ಹಾಕಿದ್ದಳು. ಇಪ್ಪತ್ತೊಂದು ಸೆಂಟಿಮೀಟರ್. ಅದಕ್ಕಿಂತ ಚಿಕ್ಕದು ಬಲೆಗೆ ಬೀಳಬಾರದು, ಬಲೆಯ ಕಣ್ಣು ದೊಡ್ಡದಾಗಬೇಕು ಎಂದು ಬೋಟಿನವರ ಸಂಘಕ್ಕೆ ಹೇಳಿಯೂ ಆಗಿತ್ತು. ಮರುದಿನದ ಸಭೆಯಲ್ಲಿ ಒಪ್ಪಿಗೆಯಾದರೆ ನೂರಾರು ಮನೆಗಳ ಬಲೆ ಮೂಲೆ ಸೇರುವುದಿತ್ತು. ಅದರಲ್ಲಿ ಅಪ್ಪನದೂ ಒಂದು.

ಮನಸ್ಸು ತಡೆಯದೆ ಲ್ಯಾಪ್‌ಟಾಪ್ ತೆರೆದಳು. ಅಬ್ಬಾ, ಆ ಫೋಲ್ಡರ್! ‘ಫೈನಲ್’, ‘ಫೈನಲ್ ಹೊಸತು’, ‘ಫೈನಲ್ ಇದೇ ಸರಿ’, ‘ಇದೇ ಸರಿ ಮೂರು’. ಒಂದನ್ನು ಓಡಿಸಿದಳು, ಇಪ್ಪತ್ತೊಂದು ಬಂತು. ಇನ್ನೊಂದನ್ನು ಓಡಿಸಿದಳು, ಹತ್ತೊಂಬತ್ತು. ಯಾವುದು ಸರಿ? ಬರೆದವಳಿಗೇ ಗೊತ್ತಿಲ್ಲ!

ಯಾರನ್ನು ಕೇಳುವುದು? ಅವರ ಕೇಂದ್ರದಲ್ಲಿ ಪ್ರೋಗ್ರಾಮಿನ ಕೋಡನ್ನು ಒಬ್ಬರಿಗೊಬ್ಬರು ತೋರಿಸುವ ಪದ್ಧತಿಯೇ ಇರಲಿಲ್ಲ. ವಾರಕ್ಕೊಮ್ಮೆ ಒಬ್ಬರದನ್ನು ಇನ್ನೊಬ್ಬರು ಓದುವ ಎಂದು ಸಹೋದ್ಯೋಗಿ ಜೋಯ್‌ಸ್ಟನ್ ಹಿಂದೊಮ್ಮೆ ಕೇಳಿದ್ದ. “ಅದೆಲ್ಲ ಸಾಫ್ಟ್‌ವೇರಿನವರಿಗೆ. ನಾವು ಮೀನು ನೋಡುವುದಾ, ಕೋಡ್ ಓದುತ್ತಾ ಕೂರುವುದಾ? ಸಮಯ ಎಲ್ಲುಂಟು?” ಎಂದು ಮುಖ್ಯಸ್ಥೆ ಹರಿಣಾಕ್ಷಿ ಮೇಡಂ ಅವನ ಬಾಯಿ ಮುಚ್ಚಿಸಿದ್ದರು. ಸುಮ್ಮನಿದ್ದುಬಿಟ್ಟರಾಯಿತು, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ತೃಪ್ತಿಗೂ ಅನ್ನಿಸದಿರಲಿಲ್ಲ. ಆದರೆ ಹಿತ್ತಲಲ್ಲಿ ಅಪ್ಪ ಕೂತಿದ್ದರಲ್ಲ. ಜೋಯ್‌ಸ್ಟನ್‌ಗೆ ಫೋನ್ ಮಾಡಿ, ಲ್ಯಾಪ್‌ಟಾಪ್ ಹಿಡಿದು ಮಣಿಪಾಲದ ಕೇಂದ್ರಕ್ಕೆ ಹೊರಟಳು.

ಅವನು ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ ಸಂತೆಕಟ್ಟೆಯಿಂದ ನೇರ ಮಣಿಪಾಲಕ್ಕೆ ಬಂದ.

“ನಗಬೇಡ ಮಾರಾಯ, ತುಂಬ ಗಲೀಜು ಉಂಟು,” ಎನ್ನುತ್ತ ತೃಪ್ತಿ ಲ್ಯಾಪ್‌ಟಾಪ್ ತಿರುಗಿಸಿದಳು.

“ನನ್ನದು ನೋಡಿದರೆ ನೀನು ಎರಡು ದಿನ ಊಟ ಬಿಡುತ್ತೀಯ,” ಎಂದ ಜೋಯ್‌ಸ್ಟನ್. “ಈಗ ಹತ್ತು ಸಾವಿರವನ್ನು ಬದಿಗಿಡು. ಒಂದೇ ಮೀನು ಹಾಕಿ ನೋಡುವ. ಉತ್ತರ ನಮಗೆ ಮೊದಲೇ ಗೊತ್ತಿರುವಂಥದ್ದು.”

ಐಸಿನಲ್ಲಿ ಬಂಗುಡೆಯ ಬಾಲದ ತುದಿ ಮುರಿದುಹೋಗುತ್ತದೆ. ಹಾಗಾಗಿ ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಬಾಲದ ಕವಲಿನವರೆಗೆ ಮಾತ್ರ ಅಳೆಯುತ್ತಿದ್ದರು. ಅದಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿ ಪೂರ್ತಿ ಉದ್ದ ಮಾಡುವುದು ಪ್ರೋಗ್ರಾಮಿನ ಕೆಲಸ. ಇಪ್ಪತ್ತು ಹಾಕಿದರೆ ಇಪ್ಪತ್ತೆರಡು ಬರಬೇಕು. ಸಂಘಕ್ಕೆ ಲೆಕ್ಕ ಕೊಟ್ಟ ಫೈಲಿನಲ್ಲಿ ಬಂದದ್ದು ಇಪ್ಪತ್ತನಾಲ್ಕು ಚಿಲ್ಲರೆ.

“ಅಯ್ಯೋ, ಎರಡು ಸಲ ಸೇರಿಬಿಟ್ಟಿದೆ!” ತೃಪ್ತಿ ಕುರ್ಚಿಯಿಂದ ಎದ್ದೇಬಿಟ್ಟಳು.

ಇಬ್ಬರೂ ಸಾಲು ಸಾಲಾಗಿ ಓದಿದರು. ಒಂದು ಸಲ ಸೇರಿಸಿದ್ದು ಇವಳು. ಇನ್ನೊಂದು ಸಲ, ಮೇಡಂ ವರ್ಷಗಳ ಹಿಂದೆ ಬರೆದು ಇವಳಿಗೆ ಕೊಟ್ಟಿದ್ದ ಹಳೆಯ ಪ್ರೋಗ್ರಾಂ ಸದ್ದಿಲ್ಲದೆ ಸೇರಿಸುತ್ತಿತ್ತು. ಅದರೊಳಗೆ ಏನಿದೆಯೆಂದು ಅವರು ಹೇಳಿರಲಿಲ್ಲ, ಕೇಳುವ ಧೈರ್ಯ ಇವಳಿಗಾಗಿರಲಿಲ್ಲ. ಒಂದು ಸಾಲು ತೆಗೆದರು. ಒಂದೇ ಮೀನಿಗೆ ಇಪ್ಪತ್ತೆರಡು ಬಂತು. ಹತ್ತು ಸಾವಿರವನ್ನೂ ಓಡಿಸಿದರು. ಹತ್ತೊಂಬತ್ತು! ಅದಕ್ಕಿಂತ ಚಿಕ್ಕದು ಈಗಿರುವ ಬಲೆಯ ಕಣ್ಣಿನಿಂದಲೇ ತಪ್ಪಿಸಿಕೊಳ್ಳುತ್ತದೆ, ಆ ಬಲೆಯೇ ಸಾಕು. ತೃಪ್ತಿಗೆ ಹೋದ ಜೀವ ಬಂದಂತಾಯಿತು. ಜೋಯ್‌ಸ್ಟನ್ ಅವಳಿಗೆ ಗಿಟ್ ಎಂಬ ಸಾಧನ ಹಾಕಿಕೊಟ್ಟ. ಯಾವ ದಿನ ಯಾವ ಸಾಲು ಯಾಕೆ ಬದಲಾಯಿತೆಂದು ಅದರಲ್ಲಿ ದಾಖಲಾಗಿರುತ್ತದೆ, ಹೊಸ ಹೊಸ ಫೈನಲ್ ಹುಟ್ಟಿಸುವ ಕೆಲಸವೇ ಇಲ್ಲ.

ಸೋಮವಾರ ಬೆಳಿಗ್ಗೆ ತೃಪ್ತಿ ಮೇಡಂ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

“ಹೇಳಿಯಾದ ಮೇಲೆ ಸಂಖ್ಯೆ ಬದಲಿಸಿದರೆ ಕೇಂದ್ರದ ಮರ್ಯಾದೆ ಎಂತ ಆಗಬೇಕು? ನಾಳೆ ನಮ್ಮನ್ನು ಯಾರು ನಂಬುತ್ತಾರೆ ತೃಪ್ತಿ?”

“ತಪ್ಪು ಅಂತ ಗೊತ್ತಿದ್ದೂ ಹೇಳದಿದ್ದರೆ ಅವರು ನಂಬಲೂಬಾರದು ಮೇಡಂ.” ತೃಪ್ತಿ ಲ್ಯಾಪ್‌ಟಾಪ್ ತೆರೆದು ಅವರ ಮುಂದಿಟ್ಟಳು.

ಮೇಡಂ ಪರದೆಯತ್ತ ಬಗ್ಗಿದರು. ತಮ್ಮದೇ ಹಳೆಯ ಸಾಲು ಕಣ್ಣಿಗೆ ಬಿತ್ತು.

“ಇದು ಒಳಗೆ ಉಂಟು ಅಂತ ನನಗೇ ಮರೆತುಹೋಗಿತ್ತು,” ಎಂದರು. ಮೊಬೈಲ್ ತೆಗೆದು ಸಂಘದ ಅಧ್ಯಕ್ಷ ಶೇಖರರಿಗೆ ಕರೆ ಮಾಡಿದರು. “ಶೇಖರಣ್ಣ, ಲೆಕ್ಕದಲ್ಲಿ ತಪ್ಪಾಗಿದೆ. ತಪ್ಪು ನನ್ನ ಪ್ರೋಗ್ರಾಮಿನದ್ದು. ಬಲೆ ಬದಲಿಸುವುದು ಬೇಡ.”

“ದೇವರು ದೊಡ್ಡವನು, ಬದುಕಿದೆವು ಮೇಡಂ!” ಆ ಕಡೆಯ ದನಿ ತೃಪ್ತಿಗೂ ಕೇಳಿಸಿತು. “ಸಭೆಗೆ ಮುಂಚೆ ಹೇಳಿದಿರಲ್ಲ. ಇನ್ನು ನೀವು ಹೇಳಿದ್ದನ್ನು ಕಣ್ಣು ಮುಚ್ಚಿ ನಂಬುತ್ತೇವೆ.”

“ಕಣ್ಣು ಮುಚ್ಚುವುದು ಬೇಡ ಶೇಖರಣ್ಣ. ಬಂದು ಕೇಳಿ, ತೋರಿಸುತ್ತೇವೆ.”

ಫೋನಿಟ್ಟು ಮೇಡಂ ತಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ನಡೆದರು, ತೃಪ್ತಿ ಹಿಂದೆಯೇ ಬಂದಳು. ಜೋಯ್‌ಸ್ಟನ್‌ನ ಮೇಜಿನ ಮೇಲೆ ಅದನ್ನು ತೆರೆದಿಟ್ಟು, ಪಕ್ಕದ ಕುರ್ಚಿ ಎಳೆದು ಕೂತರು.

“ಹನ್ನೆರಡು ವರ್ಷದ ಕೋಡ್ ಉಂಟು ಇದರಲ್ಲಿ. ಒಬ್ಬರೂ ನೋಡಿದ್ದಿಲ್ಲ,” ಎಂದರು. “ನೀವಿಬ್ಬರೂ ಕೂತು ಓದಿ. ಅರ್ಥವಾಗದ್ದನ್ನು ನನ್ನನ್ನು ಕೇಳಿ.”