ಹೊಸ ಅಕ್ಕಿಯ ಪಾಲು

ರಾತ್ರಿ ಬಾಡಿಗೆ ಕೋಣೆಯ ಗೇಟಿನ ಚಿಲಕ ಕಿರ್ರೆಂದಿತು. ಸೇತುವೆಯ ಮೇಲೆ ಲಾರಿಗಳು ಬಿಡದೆ ಓಡುತ್ತಿದ್ದರೂ ದೀಕ್ಷಿತಾಳ ಕಿವಿ ಆ ಪುಟ್ಟ ಸದ್ದನ್ನು ಹೆಕ್ಕಿ ತೆಗೆಯಿತು. ಕೆಲವು ವಾರಗಳಿಂದ ಅವಳು ಮಲಗಿದರೂ ಕಿವಿ ಮಲಗುತ್ತಿರಲಿಲ್ಲ.

ಬೆನೆಡಿಕ್ಟ್ ಪಾಸ್ಟರರ ಮನೆಯ ಪ್ರಾರ್ಥನೆಗೆ ಯುವಕರ ಗುಂಪೊಂದು ನುಗ್ಗಿದ ದಿನದಿಂದ ಹೀಗೆ. ಕುರ್ಚಿಗಳನ್ನು ಅಂಗಳಕ್ಕೆಸೆದು, ಇಲ್ಲಿ ಯಾರನ್ನೆಲ್ಲ ಮತಾಂತರ ಮಾಡಿದ್ದೀರಿ ಎಂದು ಅವರು ಕೂಗಾಡಿದ್ದರು. ನನ್ನನ್ನು ಯಾರೂ ಎಳೆದು ತರಲಿಲ್ಲ, ನಾನೇ ಬಂದದ್ದು ಎಂದು ದೀಕ್ಷಿತಾ ಎದ್ದು ನಿಂತು ಹೇಳಿದ್ದಕ್ಕೆ ಒಬ್ಬ ಅವಳ ಬೈಬಲನ್ನು ಕಸಿದು ಚರಂಡಿಗೆ ಹಾಕಿದ್ದ. ಗುಂಪಿನ ಹಿಂದೆ ಅವಳ ಅಣ್ಣ ಸುಜಿತ್ ನಿಂತಿದ್ದ. ಅವನು ಕೈಯೆತ್ತಲಿಲ್ಲ, ತಡೆಯಲೂ ಇಲ್ಲ. ಮರುದಿನ ಫೋನ್ ಮಾಡಿ, ಇನ್ನು ಮನೆಗೆ ಬರುವುದು ಬೇಡ, ಅಮ್ಮನದ್ದೂ ಅದೇ ಮಾತು ಎಂದಿದ್ದ.

ನಂಬಿಕೆಗಾಗಿ ಪಡುವ ಪಾಡೂ ಒಂದು ಆಶೀರ್ವಾದವೇ ಎಂದು ಪಾಸ್ಟರ್ ಧೈರ್ಯ ಹೇಳಿದ್ದರು. ಅವಳು ತಲೆಯಾಡಿಸಿದ್ದಳು. ಬೈಬಲ್ ಹೊಸದು ಸಿಗುತ್ತದೆ. ಆದರೆ ಅಮ್ಮನದ್ದೂ ಅದೇ ಮಾತು ಎಂಬುದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಅವಳು ಪರದೆ ಸರಿಸಿದಳು. ಗೇಟಿನೊಳಗೆ ಒಬ್ಬನೇ ನಿಂತಿದ್ದ. ಹೆಲ್ಮೆಟ್ ತೆಗೆದ, ಸುಜಿತ್. ಪಾಸ್ಟರರ ನಂಬರಿನ ಮೇಲೆ ಹೆಬ್ಬೆರಳಿಟ್ಟುಕೊಂಡೇ ಅವಳು ಬಾಗಿಲು ತೆರೆದಳು.

“ಗೇಟಿಗೆ ಸ್ವಲ್ಪ ಎಣ್ಣೆ ಬಿಡ್ಲಿಕ್ಕೆ ನಿನ್ನ ಯೇಸುವಿಗೆ ಹೇಳು ಮಾರಾಯ್ತಿ,” ಎಂದ ಅವನು ತಗ್ಗಿದ ದನಿಯಲ್ಲಿ. “ಇಡೀ ಕೂಳೂರು ಎದ್ದಿರ್ಬೇಕು.”

ಕೈಯಲ್ಲೊಂದು ಸ್ಟೀಲಿನ ಬುತ್ತಿ. ಅಂದು ಮನೆಯಲ್ಲಿ ಪುದ್ವಾರ್, ಹೊಸ ಅಕ್ಕಿಯ ಊಟ. ದೀಕ್ಷಿತಾ ಹಿಂದೆ ಸರಿದಳು. ಮನೆತನದ ದೈವಕ್ಕೆ ಬಡಿಸಿದ್ದನ್ನು ತಾನಿನ್ನು ಉಣ್ಣುವುದಿಲ್ಲ ಎಂದು ದೀಕ್ಷಾಸ್ನಾನವಾದ ವಾರವೇ ಹೇಳಿ ಅಮ್ಮನನ್ನು ಅಳಿಸಿದವಳು ಅವಳು.

“ಗೊತ್ತುಂಟು. ಇದು ಬಡಿಸಿದ್ದಲ್ಲ,” ಎಂದ ಸುಜಿತ್. “ಅನ್ನ ಬಸಿದ ಕೂಡ್ಲೇ, ದೈವದ ಎಲೆ ಹಾಕುವ ಮೊದ್ಲೇ, ಅಮ್ಮ ನಿನಗೆ ಅಂತ ತೆಗೆದಿಟ್ಟದ್ದು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದ್ಲು.”

ದೀಕ್ಷಿತಾ ಬಾಗಿಲಿನ ದಾರಂದ ಹಿಡಿದುಕೊಂಡಳು. ಆ ಮನೆಯಲ್ಲಿ ಹೊಸ ಅಕ್ಕಿಯ ಮೊದಲ ಪಾಲು ದೈವದ್ದು. ಅದಕ್ಕಿಂತ ಮೊದಲು ಹಸಿದು ಅಳುವ ಮಗುವಿಗೂ ಒಂದಗುಳು ಸಿಕ್ಕುವುದಿಲ್ಲ. ಅಂಥ ಕಡೆ ಉಮಾವತಿ, ಅಂದರೆ ಉಪ್ಪು ನೋಡಲಿಕ್ಕೂ ಬೆರಳದ್ದದ ಅವಳ ಅಮ್ಮ, ಮೊದಲ ಸೌಟನ್ನು ಮನೆಯಿಂದ ಹೊರಬಿದ್ದ ಮಗಳಿಗೆ ತೆಗೆದಿದ್ದಳು! ದೈವದ ಕಾರ್ಯ ನಡೆಸುವ ಹಿರಿಯ, ನಂತೂರಿನ ಮಾವನಿಗೆ ಗೊತ್ತಾದರೆ ಅಮ್ಮನನ್ನು ಇನ್ನು ಒಲೆಯ ಹತ್ತಿರ ಬಿಡಲಿಕ್ಕಿಲ್ಲ.

ಅಮ್ಮ ಏನೆಂದಳು ಎಂದು ದೀಕ್ಷಿತಾ ಕೇಳಿದಳು. ಏನೂ ಅನ್ನಲಿಲ್ಲ, ಬುತ್ತಿಯನ್ನು ಬೈಕಿಗೆ ನೇತುಹಾಕಿ ಒಳಗೆ ಹೋದಳು ಎಂದ ಸುಜಿತ್. ಆಮೇಲೆ ನೆಲ ನೋಡುತ್ತಾ, ಅಂದು ಫೋನಿನಲ್ಲಿ ಅಮ್ಮನ ಹೆಸರು ಸೇರಿಸಿದ್ದು ತಾನೇ ಎಂದ.

ಮುಳ್ಳು ಇಳಿಯಿತು.

ಬುತ್ತಿ ಬಿಚ್ಚಿ ಒಂದು ತುತ್ತು ಎತ್ತಿದವಳು ತಡೆದಳು. ಹಿರಿಯರಿಗೆ ಹೇಳದೆ ಹೊಸತು ಉಣ್ಣುವ ಕ್ರಮ ಇಲ್ಲ.

“ಹೊಸತು ಉಣ್ತೇನೆ, ಅಣ್ಣ.”

ಅವನು ರಸ್ತೆಯತ್ತ ತಿರುಗಿ ನೋಡಿದ. ಅವನ ಗುಂಪಿನ ಹುಡುಗರಲ್ಲಿ ಯಾರಾದರೂ ಆ ದಾರಿಯಲ್ಲಿ ಬಂದಿದ್ದರೆ ಅವನ ಕಥೆ ಮುಗಿಯುತ್ತಿತ್ತು.

“ಉಣ್ಣು,” ಎಂದ. ಹೆಲ್ಮೆಟ್ ಎತ್ತಿಕೊಳ್ಳುತ್ತಾ, “ಬೇಗ. ಬುತ್ತಿ ವಾಪಸ್ ಕೊಂಡೋಗ್ಬೇಕು.”

ಅವನು ಹೋದ ಮೇಲೆ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆ ಪುಟ್ಟ ಕೋಣೆಯಲ್ಲಿ ಅತ್ತಿಂದಿತ್ತ ನಡೆದಳು, ಸ್ತೋತ್ರ ಹೇಳಿದಳು, ನಕ್ಕಳು. ಮನೆಯಿಂದ ಹೊರಬೀಳದಿದ್ದರೆ ಪಂಕ್ತಿಯ ಕೊನೆಯಲ್ಲಿ ಕೂತು ಎಲ್ಲರಂತೆ ಉಂಡು ಏಳುತ್ತಿದ್ದಳು. ಅಮ್ಮನ ಪ್ರೀತಿಗೆ ಇಷ್ಟು ಧೈರ್ಯ ಉಂಟೆಂದು ಎಂದೂ ತಿಳಿಯುತ್ತಿರಲಿಲ್ಲ. ಪಾಸ್ಟರ್ ಹೇಳಿದ ಆಶೀರ್ವಾದ ಇನ್ನೂ ಬಿಸಿಯಾಗಿ ಅವಳ ಹೊಟ್ಟೆಯಲ್ಲಿತ್ತು.

ಭಾನುವಾರದ ಪ್ರಾರ್ಥನೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತು. ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ಎದ್ದು ಹೇಳಬೇಕು. ದೀಕ್ಷಿತಾ ಎಲ್ಲರಿಗಿಂತ ಮೊದಲು ಎದ್ದಳು. ಮಾತು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಅಷ್ಟರಲ್ಲಿ ಎದುರಿನ ಸಾಲಿನ ಪ್ರಣೀತಾ ಎಂದಿನಂತೆ ವಿಡಿಯೋ ಮಾಡಲು ಫೋನ್ ಎತ್ತಿದಳು. ಅದು ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆಲ್ಲ ಹೋಗುತ್ತದೋ. ದೀಕ್ಷಿತಾಳಿಗೆ ಅಮ್ಮನ ಸೌಟು ಕಣ್ಣಿಗೆ ಕಟ್ಟಿತು, ರಸ್ತೆಯತ್ತ ತಿರುಗಿದ ಅಣ್ಣನ ಕತ್ತು ಕಂಡಿತು.

“ದೇವರಿಗೆ ಸ್ತೋತ್ರ,” ಎಂದಳು.

ಮತ್ತೆ, ಮಗಳೇ, ಎಂದು ಪಾಸ್ಟರ್ ಕಾದರು. ಅವಳು ಮುಖ ತುಂಬ ನಗುತ್ತಾ ಕೂತುಬಿಟ್ಟಳು. ಪಾಸ್ಟರರಿಗಾಗಲಿ, ಪ್ರಣೀತಾಳಿಗಾಗಲಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.