ಒಂಬತ್ತನೇ ಪಾಠ

ಸಕ್ಕರೆ ಡಬ್ಬಿಗೆ ಚಮಚ ಇಳಿಸಿದರೆ ಏನೋ ಕೆರೆದಂತೆ ಸದ್ದಾಯಿತು. ಮಗಳು ಎರಡು ಬೆರಳು ಹಾಕಿ ಎಳೆದಳು. ಸೋಪಿನ ಪುಡಿಯ ರಟ್ಟನ್ನು ಅಂಗೈಯಗಲಕ್ಕೆ ಕತ್ತರಿಸಿ ಮಾಡಿದ ಚೀಟಿ. ಒಂದು ಬದಿಗೆ ಪ್ರಶ್ನೆ: ಗಾಳಿ ಯಾಕೆ ಬೀಸುತ್ತದೆ? ಇನ್ನೊಂದು ಬದಿಗೆ ಉತ್ತರ, ಅಮ್ಮನ ದುಂಡನೆಯ ಅಕ್ಷರದಲ್ಲಿ.

"ಅಯ್ಯೋ, ಇಲ್ಲೂನಾ!" ಎಂದಳು. ಒಲೆಯ ಮೇಲಿನ ನೀರು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಬೆಳಗಿನಿಂದ ಇದು ಏಳನೆಯದು. ಅಮ್ಮನಿಗೆ ಉಡಿಸಲು ಒಳ್ಳೆಯ ಬಟ್ಟೆ ಹುಡುಕಿದಾಗ ಮಡಿಕೆಯಿಂದ ಎರಡು ಉದುರಿದ್ದವು. ದಿಂಬಿನ ಚೀಲದಲ್ಲಿ ಒಂದು, ಮಾತ್ರೆ ಪೆಟ್ಟಿಗೆಯಲ್ಲಿ ಒಂದು, ಬಚ್ಚಲಿನ ಕನ್ನಡಿಯ ಹಿಂದೆ ಎರಡು. ಕೈ ಹೋಗುವ ಕಡೆಯೆಲ್ಲ ಇಟ್ಟರೆ ಕೈ ಹೋದಾಗಲೆಲ್ಲ ಓದಬಹುದು ಎಂಬುದು ಅಮ್ಮನ ಲೆಕ್ಕಾಚಾರ. ಸತ್ತ ಮಾರನೆಯ ದಿನವೂ ಮನೆಯವರಿಗೆ ಪ್ರಶ್ನೆ ಕೇಳುತ್ತಿರುವ ಹೆಂಗಸು ಊರಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಮಗಳು ಚೀಟಿಯ ಸಕ್ಕರೆ ಕೊಡವಿ, ಉಳಿದ ಆರರ ಜೊತೆ ತನ್ನ ಕೈಚೀಲಕ್ಕೆ ತುರುಕಿದಳು.

"ಟೀ ಆಯ್ತೇನಮ್ಮಾ?" ಹಜಾರದಿಂದ ಸೋದರಮಾವನ ದನಿ. "ಗಾಡಿ ಮೂರಕ್ಕೆ ಅಂದ್ರೆ ಮೂರಕ್ಕೇ. ಈಗಲೇ ಗಂಟೆ ಒಂದೂ ಇಪ್ಪತ್ತು."

ಮಾವ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಟೈಂಕೀಪರ್ ಆಗಿದ್ದವರು. ಅವರು ನಿವೃತ್ತರಾಗಿದ್ದರು, ಅವರ ಗಡಿಯಾರ ಆಗಿರಲಿಲ್ಲ.

ಹಜಾರದಲ್ಲಿ ಹದಿನೈದಿಪ್ಪತ್ತು ಜನ ಗೋಡೆಗೊರಗಿ ಕೂತಿದ್ದರು. ಮಗಳ ಗಂಡ ಪಕ್ಕದ ಮನೆಯಿಂದ ಕುರ್ಚಿ ತರುತ್ತಿದ್ದ. ಕೆಳಗಿನ ಅಂಗಡಿಯ ದರ್ಜಿ ಟೀ ಲೋಟ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡರು.

"ನಿಮ್ಮಮ್ಮ ನನಗೆ ನದಿ ಹೇಳಿದ್ರು ಕಣಮ್ಮ."

"ಏನು ಹೇಳಿದ್ರು?"

"ನದಿ. ಎಳೇ ನದಿ ದಡಬಡ ಓಡುತ್ತಂತೆ, ಮುದಿಯಾದ ಮೇಲೆ ಸುತ್ತಿ ಬಳಸಿ ಹೋಗುತ್ತಂತೆ. ನಾನು ಕಾಜಾ ಹೊಲೀತಾ ಕೂತಿದ್ದೆ, ಎದ್ದು ಹೋಗೋ ಹಾಗಿಲ್ಲ. ಪೂರ್ತಿ ಕೇಳಿಸಿಕೊಂಡೆ."

"ನನ್ನದು ಗಾಳಿ," ಎಂದಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಅಮ್ಮನ ಜೊತೆ ಇಪ್ಪತ್ತು ವರ್ಷ ದುಡಿದ ಗೆಳತಿ. ಮೂಗು ಒರೆಸಿಕೊಂಡೇ ಹೇಳಿದಳು. "ಒತ್ತಡ ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ಓಡೋದು. ಸೂಪರ್‌ವೈಸರ್ ಒಳಗೆ ಬಂದ ತಕ್ಷಣ ನಾವೆಲ್ಲ ಹಿಂದಿನ ಬಾಗಿಲಿಗೆ ಹೋಗ್ತೀವಲ್ಲ, ಹಾಗೆ ಅಂದ್ಳು ಅಕ್ಕ. ಹಾಸಿಗೆ ಬಟ್ಟೆ ಮಡಿಸ್ತಾ ಮಡಿಸ್ತಾ. ಆ ತುದಿ ಅವಳು, ಈ ತುದಿ ನಾನು."

ಯಾರೋ ನಗು ತಡೆಯಲಾರದೆ ಕೆಮ್ಮಿದರು. ಎಲ್ಲರೂ ಮಾವನ ಕಡೆ ನೋಡಿದರು.

"ನನಗೆ ಫೋನಲ್ಲೇ ಜ್ವಾಲಾಮುಖಿ," ಎಂದರು ಮಾವ ಮುಖ ಗಂಟಿಕ್ಕಿ. "ನಲವತ್ತು ನಿಮಿಷ! ನಡುವೆ ತೂಕಡಿಕೆ ಬಂತು. ಅಕ್ಕನಿಗೆ ಅದು ಹೇಗೋ ಗೊತ್ತಾಗಿ ಮತ್ತೆ ಮೊದಲಿಂದ ಹೇಳಿದ್ಲು."

"ನಿನಗ್ಯಾವ ಪಾಠ ಬಂತು ತಾಯಿ?" ಲಾಂಡ್ರಿ ಗೆಳತಿ ಮಗಳನ್ನು ಕೇಳಿದಳು.

"ಟೀ ಆರಿಹೋಗುತ್ತೆ, ಕುಡೀರಿ," ಎಂದು ಮಗಳು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

*

ಐವತ್ನಾಲ್ಕನೇ ವಯಸ್ಸಿಗೆ ಅಮ್ಮ ಸಂಜೆ ಕಾಲೇಜು ಸೇರಿದ್ದಳು. ಹದಿನೇಳಕ್ಕೆ ಬಿಟ್ಟದ್ದನ್ನು ಮುಂದುವರಿಸುತ್ತೇನೆ ಅಂದಳು, ನಡುವೆ ಒಂದು ವಾರ ರಜೆ ಹಾಕಿದ್ದವಳ ಹಾಗೆ. ವಿಷಯ ಭೂಗೋಳ. ಯಾಕೆ ಅಂದರೆ, "ಇಷ್ಟು ವರ್ಷ ಇದರ ಮೇಲೇ ನಡೆದಾಡಿದ್ದೀನಿ, ಏನು ಅಂತ ಗೊತ್ತಾಗಬೇಡ್ವಾ?"

ಮೊದಲ ವರ್ಷ ಹಗಲೂ ರಾತ್ರಿ ಓದಿದಳು. ಟಿ.ವಿ. ಮುಂದೆ ಓದಿದಳು, ಒಗ್ಗರಣೆ ಹಾಕುತ್ತ ಓದಿದಳು, ಪುಸ್ತಕದ ಪ್ರತಿ ಸಾಲಿಗೂ ಹಳದಿ ಪೆನ್ನು ಎಳೆದು ಇಡೀ ಪುಸ್ತಕವೇ ಹಳದಿಯಾಯಿತು. ನೂರಕ್ಕೆ ಹದಿನೆಂಟು ಬಂತು. ಅಂಕಪಟ್ಟಿ ಮಡಿಸಿ ಪರ್ಸಿಗೆ ಹಾಕಿ, ಮಗಳಿಗಿಂತ ನಾಲ್ಕು ವರ್ಷ ಚಿಕ್ಕವಳಾದ ಮೇಡಂ ಎದುರು ಹೋಗಿ ನಿಂತಳಂತೆ.

"ಎಷ್ಟು ಓದಿದ್ರಿ ಅನ್ನೋದಲ್ಲಮ್ಮ," ಅಂದರಂತೆ ಮೇಡಂ. "ದಿನಾ ಒಂದೇ ಹೊತ್ತು, ಒಂದೇ ಜಾಗ, ಒಂದೇ ಗಂಟೆ ಸಾಕು. ಆಮೇಲೆ ಪುಸ್ತಕ ಮುಚ್ಚಿ ಓದಿದ್ದನ್ನ ಯಾರಿಗಾದ್ರೂ ಹೇಳಿ. ಹೇಳೋಕೆ ಬಂದ್ರೆ ನಿಮ್ಮದಾಯ್ತು. ತಡವರಿಸಿದ್ರೆ ಮತ್ತೆ ಪುಸ್ತಕ ತೆಗೀರಿ."

ಆ ಮೇಡಂಗೆ ತಾನು ಯಾರ ಕೈಗೆ ಏನು ಕೊಟ್ಟೆ ಎಂಬ ಅಂದಾಜಿರಲಿಲ್ಲ. ಅಂದಿನಿಂದ ಅಮ್ಮ ಕಿವಿ ಹುಡುಕಿಕೊಂಡು ಹೊರಟಳು. ಗ್ಯಾಸ್ ಸಿಲಿಂಡರ್ ತಂದವನು ಭರತ ಇಳಿತ ಕೇಳಿಯೇ ಹೋಗಬೇಕಾಯಿತು. ಹಲ್ಲು ತೋರಿಸಲು ಹೋದ ದಿನ, ಬಾಯಿಗೆ ಹತ್ತಿ ಇಡುವ ಮೊದಲು ಡಾಕ್ಟರಿಗೆ ಭೂಕಂಪ ಮುಗಿಸಿದ್ದಳು.

ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಗೆ ಒಂದು ಪಟ್ಟಿ ಅಂಟಿಸಿದಳು. ಯಾವ ಪಾಠ, ಯಾರಿಗೆ, ಯಾವತ್ತು. ಹೇಳಿ ಮುಗಿದದ್ದಕ್ಕೆ ಕೆಂಪು ಗುರುತು. ಎರಡನೇ ಸಲ ಎಪ್ಪತ್ತೊಂದು ಬಂತು.

*

ಈಗ ಮಗಳು ಅದೇ ಬಾಗಿಲ ಹಿಂದೆ ನಿಂತಿದ್ದಳು. ಕೊನೆಯ ಪರೀಕ್ಷೆಗೆ ಹನ್ನೊಂದು ದಿನ ಉಳಿದಿರುವಾಗ, ನಿನ್ನೆ ಬೆಳಗ್ಗೆ ಐದರ ಅಲಾರಂ ಹೊಡೆದು ಹೊಡೆದು ಸುಮ್ಮನಾಗಿತ್ತು. ಅಮ್ಮ ಎದ್ದಿರಲಿಲ್ಲ. ಈ ಸಲದ ಪಟ್ಟಿಯಲ್ಲಿ ಹತ್ತು ಸಾಲು, ಒಂಬತ್ತು ಕೆಂಪು ಗುರುತು. ಗುರುತಿಲ್ಲದ ಸಾಲು ಒಂದೇ.

ಒಂಬತ್ತನೇ ಪಾಠ. ಮಣ್ಣು. ಮಗಳಿಗೆ.

ಅದರ ಮುಂದೆ ತಾರೀಖು ಹೊಡೆದುಹಾಕಿ, ಬರೆದು, ಮತ್ತೆ ಹೊಡೆದುಹಾಕಿ, ಜಾಗ ಸಾಲದೆ ಗೋಡೆಯ ಸುಣ್ಣದ ಮೇಲೂ ಬರೆದಿದ್ದಳು. ಮಗಳು ಎಣಿಸಿದಳು. ಹನ್ನೊಂದು.

"ಐದೇ ನಿಮಿಷ ಕಣೇ," ಎಂದು ಅಮ್ಮ ಇದೇ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು.

"ಈಗಲೇನಾ ಅಮ್ಮ? ಒಬ್ಬನಿಗೆ ಜ್ವರ, ಇನ್ನೊಬ್ಬಳ ಶೂ ಕಾಣ್ತಿಲ್ಲ, ನನ್ನ ಬಸ್ಸು ಎಂಟಕ್ಕೆ. ಭಾನುವಾರ ಹೇಳು."

ಭಾನುವಾರ ಬಟ್ಟೆಯ ರಾಶಿ ಇರುತ್ತಿತ್ತು. ಅದೂ ಸಾಲದೆ, ಮನೆಗೆಲಸಕ್ಕೆ ಎರಡು ಕೈ ಬೇಕಾದ ಹೊತ್ತಿಗೇ ಅಮ್ಮ ಮಾಯ. ಲಾಂಡ್ರಿ ಬಿಡುವುದು ನಾಲ್ಕಕ್ಕೆ, ನಡೆದರೆ ಹತ್ತು ನಿಮಿಷದ ದಾರಿ, ಬರುತ್ತಿದ್ದುದು ಐದೂಕಾಲಿಗೆ. ಎಲ್ಲಿಗೆ ಹೋಗಿದ್ದೆ ಎಂದರೆ, "ನನ್ನ ಜಾಗಕ್ಕೆ. ಅಲ್ಲಿ ಯಾರೂ ಸದ್ದು ಮಾಡಲ್ಲ." ಯಾವುದೋ ವಾಚನಾಲಯ ಇರಬೇಕೆಂದು ಮಗಳು ಬಿಟ್ಟಿದ್ದಳು.

ಹೋದ ತಿಂಗಳು ಒಂದು ದಿನ, ಕುಕ್ಕರ್ ಕೂಗುತ್ತಿತ್ತು, ಮಕ್ಕಳಿಬ್ಬರೂ ಕೂಗುತ್ತಿದ್ದರು, ಅಮ್ಮ ಚೀಟಿ ಹಿಡಿದು ನಿಂತಿದ್ದಳು. ಮಗಳ ಬಾಯಿಂದ ಬಂದುಬಿಟ್ಟಿತ್ತು:

"ಈ ವಯಸ್ಸಲ್ಲಿ ಮಣ್ಣಿನ ಪಾಠ ಯಾಕಮ್ಮ ನಿನಗೆ? ಹೇಗಿದ್ರೂ ಕೊನೆಗೆ ಅಲ್ಲಿಗೇ ತಾನೆ ಹೋಗೋದು?"

ಅಮ್ಮ ಪಟ್ಟಿಯ ಹತ್ತಿರ ಹೋಗಿ ತಾರೀಖು ಹೊಡೆದು ಹೊಸದು ಬರೆದಳು. ನೊಂದಳೋ ಇಲ್ಲವೋ ತಿಳಿಯಲಿಲ್ಲ. ಕೇಳಬೇಕೆಂದು ಅಂದುಕೊಂಡದ್ದೂ ಭಾನುವಾರದ ಪಟ್ಟಿಗೇ ಸೇರಿತು.

"ಎರಡೂವರೆ!" ಎಂದರು ಮಾವ ಹೊರಗಿನಿಂದ.

*

ಗಾಡಿ ಸ್ಮಶಾನದ ಗೇಟಿಗೆ ಬಂದಾಗ ಮೂರೂಕಾಲು. ಗುಂಡಿ ತೋಡುವವನು ಇನ್ನೂ ಗುಂಡಿಯೊಳಗಿದ್ದ. ಭುಜದಿಂದ ಮೇಲಷ್ಟೇ ಕಾಣುತ್ತಿತ್ತು. ಸುತ್ತ ಮಣ್ಣು ಬೇರೆ ಬೇರೆಯಾಗಿ ಬಿದ್ದಿತ್ತು. ಒಂದು ಕಡೆ ಕಪ್ಪಗೆ, ಒಂದು ಕಡೆ ಕೆಂಪಗೆ, ಆಚೆ ಬಿಳಚಿಕೊಂಡ ಕಲ್ಲುಕಲ್ಲು ಗುಡ್ಡೆ.

ಮಾವ ಸಿಡಿದರು. "ಏನಯ್ಯಾ ಇದು? ಗುಂಡಿ ತೋಡಿದ್ದೀಯೋ, ತರಕಾರಿ ಅಂಗಡಿ ಇಟ್ಟಿದ್ದೀಯೋ? ಮೂರು ಗುಡ್ಡೆ! ಒಂದೇ ಕಡೆ ಎಸೆದಿದ್ರೆ ಇಷ್ಟೊತ್ತಿಗೆ ಮುಗೀತಿತ್ತು."

"ಮೇಲಿಂದು ಕೊನೆಗೆ ಮೇಲಕ್ಕೇ ಬರಬೇಕು ಸ್ವಾಮಿ," ಎಂದ ಅವನು ಗುದ್ದಲಿ ನಿಲ್ಲಿಸದೆ. "ಇಲ್ಲಾಂದ್ರೆ ಹುಲ್ಲು ಬರಲ್ಲ, ವರ್ಷವಾದ್ರೂ ಗಾಯದ ಹಾಗೆ ಬೋಳಾಗಿರುತ್ತೆ. ನನಗೂ ಮೊದಲು ಗೊತ್ತಿರಲಿಲ್ಲ. ಟೀಚರಮ್ಮ ಹೇಳಿದ ಮೇಲೆ ಹೀಗೇ ತೋಡೋದು."

"ಯಾವ ಟೀಚರಮ್ಮನಯ್ಯಾ! ಇವತ್ತು ಎಲ್ಲರೂ ಪಾಠ ಹೇಳೋರೇ!"

ಮಗಳಿಗೆ ತಲೆ ಸಿಡಿಯುತ್ತಿತ್ತು. ಕರವಸ್ತ್ರ ತೆಗೆಯಲೆಂದು ಕೈಚೀಲ ತೆರೆದಳು. ಏಳೂ ಚೀಟಿಗಳು ಜಾರಿ ಗುಂಡಿಯ ಅಂಚಿಗೆ ಚೆಲ್ಲಿದವು. ಒಂದು ಒಳಗೇ ಬಿತ್ತು. ಗುಂಡಿ ತೋಡುವವನು ಅದನ್ನೆತ್ತಿ, ಹೆಬ್ಬೆರಳಿನಿಂದ ಒರೆಸಿ, ಹಿಂದೆ ಮುಂದೆ ತಿರುಗಿಸಿದ.

"ಇದು ಟೀಚರಮ್ಮಂದು," ಎಂದ. "ನಿಮ್ಮ ಹತ್ರ ಹೇಗೆ ಬಂತು?"

ಅವನು ಮಗಳ ಮುಖ ನೋಡಿದ, ಅವಳ ಹಿಂದೆ ನಿಂತ ಗಾಡಿ ನೋಡಿದ. ಗುದ್ದಲಿಯನ್ನು ಮೆಲ್ಲಗೆ ಗುಂಡಿಯ ಗೋಡೆಗೊರಗಿಸಿದ.

"ಮೊನ್ನೆ ಬಂದಿದ್ರು," ಎಂದ. "ನಿನ್ನೆ ಕಾಣಲಿಲ್ಲ. ನೆಗಡಿಯೋ ಏನೋ ಅಂದ್ಕೊಂಡೆ."

ಮೇಲೆ ಹತ್ತಿ ಬಂದು, ಮರದ ಕೆಳಗಿನ ಕಲ್ಲುಬೆಂಚು ತೋರಿಸಿದ. ದಿನಾ ನಾಲ್ಕಕ್ಕೆ ಅಲ್ಲಿ ಪುಸ್ತಕ ತೆರೆಯುತ್ತಿದ್ದರಂತೆ, ಐದಕ್ಕೆ ಮುಚ್ಚುತ್ತಿದ್ದರಂತೆ. ನಡುವೆ ಯಾರು ಕರೆದರೂ ತಲೆ ಎತ್ತುತ್ತಿರಲಿಲ್ಲವಂತೆ.

"ನಾನು ಕಲಿಸೋಳಲ್ಲಪ್ಪ, ಕಲಿಯೋಳು ಅಂತ ಎಷ್ಟು ಸಲ ಹೇಳಿದ್ರೋ. ನನ್ನ ಬಾಯಿಗೆ ಟೀಚರಮ್ಮ ಅಂತಲೇ ಬರೋದು. ನೀವು ಮಗಳಾ?"

ಮಗಳು ತಲೆಯಾಡಿಸಿದಳು.

"ಹಾಗಾದ್ರೆ ಮಣ್ಣು ನಿಮ್ಮದೇ."

"ನಿಮಗೆ ಹೇಗೆ ಗೊತ್ತು?"

"ನಿಮಗೆ ಹೇಳೋಕೆ ಅಂತ ನನ್ನ ಮುಂದೆ ಅಭ್ಯಾಸ ಮಾಡ್ತಿದ್ರಲ್ಲ! ಮೊದಲ ಸಲ ಇಪ್ಪತ್ತು ನಿಮಿಷ ಆಯ್ತು. ಉಹುಂ, ಅವಳಿಗೆಲ್ಲಿ ಇಷ್ಟು ಪುರುಸೊತ್ತು, ಬೆಳಗ್ಗೆ ಎದ್ದರೆ ಒಂದೇ ಸಮ ದುಡೀತಾಳೆ ಅಂತ ಕಮ್ಮಿ ಮಾಡ್ತಾ ಬಂದ್ರು. ಹದಿನೈದು, ಹನ್ನೊಂದು, ಎಂಟು. ಹೋದ ವಾರ ಐದಕ್ಕೆ ತಂದ್ರು ನೋಡಿ. ನಾನೇ ಗಡಿಯಾರ ಹಿಡ್ಕೊಂಡಿದ್ದೆ."

ಲಾಂಡ್ರಿ ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಗಳು ಚೀಟಿಗಳನ್ನು ಒಂದೊಂದಾಗಿ ಹೆಕ್ಕಿದಳು.

"ಅಮ್ಮನಿಗೆ ನಾನೊಂದು ಮಾತು ಅಂದಿದ್ದೆ," ಎಂದಳು ತಲೆ ಎತ್ತದೆ. "ಈ ಪಾಠದ ವಿಷಯಕ್ಕೇ. ಅದನ್ನೇನಾದ್ರೂ..."

"ಕೊನೆಗೆ ಅಲ್ಲಿಗೇ ಹೋಗೋದು ಅಂತ ತಾನೆ?" ಅವನು ನಕ್ಕೇಬಿಟ್ಟ. ತಕ್ಷಣ ಜನ ಇದ್ದಾರೆಂದು ನೆನಪಾಗಿ ನಗು ನುಂಗಿಕೊಂಡ. "ಅವತ್ತು ಗೇಟಿನಿಂದಲೇ ನಗ್ತಾ ಬಂದ್ರು. ಶುರು ಹೇಗೆ ಮಾಡೋದು ಅಂತ ಒದ್ದಾಡ್ತಿದ್ದೆ, ಮಗಳೇ ಕೊಟ್ಟುಬಿಟ್ಟಳು ಅಂದ್ರು. ಆಮೇಲೆ ಪಾಠದ ಮೊದಲನೇ ಮಾತೇ ಅದು. 'ನೀನಂದದ್ದು ನಿಜ ಕಣೇ, ಕೊನೆಗೆ ಅಲ್ಲಿಗೇ ಹೋಗೋದು. ಹೋಗೋ ಮನೆ ಹೇಗಿದೆ ಅಂತ ಒಂದು ಸಲ ನೋಡಿಬಿಡೋಣ ಬಾ.'"

ಮಗಳು ಕೈಚೀಲದ ಬಟನ್ ಹಾಕಿದಳು. ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಿದಳು.

"ಹೇಳಿ," ಎಂದಳು.

"ಈಗಲಾ?" ಎಂದರು ಮಾವ.

"ಐದೇ ನಿಮಿಷ, ಮಾವ."

ಅವನು ಗುಂಡಿಗಿಳಿದು ಗುದ್ದಲಿಯ ಹಿಡಿಯಿಂದ ಗೋಡೆಯನ್ನು ಮುಟ್ಟಿ ಮುಟ್ಟಿ ತೋರಿಸಿದ. ಮಗಳು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದಳು. ಮೇಲೆ ಕಪ್ಪು, ಗೇಣುದ್ದವೂ ಇಲ್ಲ. ಉದುರಿದ ಎಲೆ, ಸತ್ತ ಬೇರು, ಹುಳುಹುಪ್ಪಟೆ ಎಲ್ಲ ಕೊಳೆತು ಆದದ್ದು. ಹೆಬ್ಬೆರಳಿನಗಲ ಆಗಲು ನೂರಾರು ವರ್ಷ ಬೇಕು. ಅದರ ಕೆಳಗೆ ಕೆಂಪು, ಮಳೆನೀರು ಮೇಲಿನಿಂದ ತೊಳೆದು ತೊಳೆದು ಇಳಿಸಿದ್ದೆಲ್ಲ ನಿಂತ ಜಾಗ. ಮೂರನೆಯದಕ್ಕೆ ಬಂದಾಗ ಅವನು ತಡವರಿಸಿದ.

"ಇಲ್ಲೇ ನನಗೆ ಮರೆಯೋದು. ಅವರು ಬೈಯೋರು."

ಮಗಳು ಚೀಲ ತೆರೆದು ಚೀಟಿ ಮಗುಚಿದಳು. ಐದನೆಯದು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿದ್ದು. "ಒಡೆದ ಬಂಡೆ," ಎಂದು ಎಲ್ಲರಿಗೂ ಕೇಳುವಂತೆ ಓದಿದಳು. "ಇನ್ನೂ ಪೂರ್ತಿ ಮಣ್ಣಾಗಿಲ್ಲ. ಆಗುತ್ತಾ ಇದೆ."

ನಾಲ್ಕು ಗಂಟೆಗೆ ಅಮ್ಮನನ್ನು ಇಳಿಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಲು ಮುಂದೆ ಬಂದರು. ಹೊತ್ತಾಯಿತೆಂದು ಎಲ್ಲರಿಗಿಂತ ಮೊದಲು ಹೋದ ಮಾವ, ಹತ್ತಿರದ ಕಪ್ಪು ಗುಡ್ಡೆಗೆ ಕೈ ಹಾಕಿ ಮುಷ್ಟಿ ತುಂಬಿಕೊಂಡರು. ಮಗಳು ಅವರ ಮಣಿಕಟ್ಟು ಹಿಡಿದಳು. ಗಡಿಯಾರ ಅವಳ ಅಂಗೈಗೆ ಒತ್ತಿತು.

"ಅದಲ್ಲ ಮಾವ. ಅದು ಕೊನೆಗೆ."

"ಯಾವುದಾದ್ರೇನಮ್ಮ, ಎಲ್ಲಾ ಮಣ್ಣೇ ತಾನೆ?"

"ಎಲ್ಲಾ ಒಂದೇ ಅಲ್ಲ. ಈಗ ತಾನೆ ಹೇಳಿದ್ರಲ್ಲ, ಎಲ್ಲಿತ್ತು ನಿಮ್ಮ ಗಮನ? ಮೊದಲು ಆ ಕಲ್ಲಿನದು. ಆಮೇಲೆ ಕೆಂಪು. ಇದು ಎಲ್ಲಕ್ಕಿಂತ ಮೇಲೆ. ತಿರುಗಿ ಮೊದಲಿಂದ ಹೇಳಲಾ?"

ಮಾವ ಅವಳನ್ನು ನೋಡಿದರು, ಆಚೆ ನಿಂತ ದರ್ಜಿಯನ್ನು ನೋಡಿದರು. ದರ್ಜಿ ಆಗಲೇ ಕಲ್ಲುಗುಡ್ಡೆಯ ಪಕ್ಕಕ್ಕೆ ಸರಿದಿದ್ದರು, ಅವರ ಹಿಂದೆ ಲಾಂಡ್ರಿ ಗೆಳತಿ, ಅವಳ ಹಿಂದೆ ಉಳಿದವರು. ಮಾವ ಬಾಗಿ ಮುಷ್ಟಿ ಬಿಚ್ಚಿ, ಹಿಡಿದಿದ್ದ ಕಪ್ಪು ಮಣ್ಣನ್ನು ಅದರ ಗುಡ್ಡೆಯ ಮೇಲೆ ವಾಪಸು ಸುರಿದರು. ಬೆರಳ ಸಂದಿಯಲ್ಲಿ ಅಂಟಿದ್ದ ಚೂರನ್ನೂ ಉದುರಿಸಿ, ಸಾಲಿನ ಕೊನೆಗೆ ಹೋಗಿ ನಿಂತರು.