ದ್ರಾವಕ ಬೇಡದ ಹುಡುಗಿ

ಪುಡಿಗಳನ್ನು ಕರಗಿಸಲು ದ್ರಾವಕ ಬೇಕಲ್ಲ, ಈ ಔಷಧ ಕಾರ್ಖಾನೆಯಲ್ಲಿ ಅದರ ಉಗ್ರಾಣ ಮೂವತ್ತು ವರ್ಷದಿಂದ ನನ್ನ ಕೈಯಲ್ಲಿದೆ. ಯಾವ ಡ್ರಮ್ಮಿನ ಮುಚ್ಚಳ ತೆಗೆದರೂ ವಾಸನೆಯಲ್ಲೇ ಹೆಸರು ಹೇಳಿಬಿಡುತ್ತೇನೆ. ಹೀಗಿರುವಾಗ ನನ್ನ ಅಕ್ಕನ ಮಗಳು ಇಲ್ಲಿಗೇ ಕೆಮಿಸ್ಟ್ ಆಗಿ ಬಂದು, “ಮಾವ, ಇನ್ನು ದ್ರಾವಕ ಬೇಡವೇ ಬೇಡ” ಅಂದರೆ ಮೈ ಉರಿಯದೆ ಇರುತ್ತದೆಯೇ?

ಅವಳದೊಂದು ಯಂತ್ರ. ಉಕ್ಕಿನ ಡಬ್ಬಿಯೊಳಗೆ ಎರಡು ಬಗೆಯ ಪುಡಿ, ಹತ್ತು ಉಕ್ಕಿನ ಗುಂಡು. ಮುಚ್ಚಳ ಬಿಗಿದು ಗಡಗಡ ಅಲ್ಲಾಡಿಸಿದರೆ ಗುಂಡುಗಳ ಏಟಿಗೇ ಪುಡಿಗಳು ಕೂಡಿಕೊಂಡು ಔಷಧವಾಗುತ್ತವಂತೆ. ಆಮೇಲೆ ಸುಡಬೇಕಾದ ಹೊಲಸು ದ್ರಾವಕವೂ ಇಲ್ಲವಂತೆ.

“ನಿನ್ನ ತಲೆ! ಕರಗದೆ ಅದ್ಹೇಗೆ ಕೂಡುತ್ತೆ?”

“ನೋಡ್ತಾ ಇರಿ ಮಾವ.”

ಮ್ಯಾನೇಜರು ಕೊಟ್ಟಿದ್ದು ಒಂದೇ ಅವಕಾಶ. ಔಷಧದಲ್ಲಿ ದ್ರಾವಕದ ಸುಳಿವು ಸಿಕ್ಕರೆ ಯಂತ್ರವೂ ವಾಪಸ್ಸು, ಅವಳೂ ಮನೆಗೆ. ಸಿಗದಿದ್ದರೆ ನನ್ನ ಉಗ್ರಾಣಕ್ಕೆ ಬೀಗ.

ಅವಳು ಯಂತ್ರ ಓಡಿಸಿದ ದಿನ ಸಂಜೆ ಪರೀಕ್ಷೆಯ ವರದಿ ಬಂತು: ದ್ರಾವಕ ಇದೆ, ಅದೂ ಅಸಿಟೋನ್!

“ಕದ್ದುಮುಚ್ಚಿ ಹಾಕಿ ನಮ್ಮ ಕಣ್ಣಿಗೆ ಮಣ್ಣೆರಚ್ತೀರಾ?” ಎಂದು ಮ್ಯಾನೇಜರು ಹುಡುಗಿಯ ಮೇಲೆ ಹರಿಹಾಯ್ದರು. “ಒಂದು ಹನಿನೂ ಹಾಕಿಲ್ಲ ಸರ್” ಎಂದು ಅವಳು ಖಾಲಿ ಡಬ್ಬಿಯನ್ನೇ ಅವರ ಮುಂದೆ ಹಿಡಿದಳು.

ನನಗೋ ಹಾಲು ಕುಡಿದಷ್ಟು ಸಂತೋಷ. ಉಗ್ರಾಣ ಉಳಿಯಿತಲ್ಲ! ಆ ಸಂತೋಷ ಅರೆ ನಿಮಿಷವೂ ಬಾಳಲಿಲ್ಲ. ಯಂತ್ರದ ಮೇಲೆ ಎಷ್ಟೇ ಸಿಟ್ಟಿದ್ದರೂ ನಮ್ಮ ಹುಡುಗಿಯ ಡಬ್ಬಿ ಫಳಫಳ ಅನ್ನಲಿ ಅಂತ, ಬೆಳಿಗ್ಗೆ ಅವಳು ಬರುವ ಮುಂಚೆ ಅದನ್ನು ಅಸಿಟೋನಿನಲ್ಲಿ ತೊಳೆದಿಟ್ಟವನು ನಾನೇ. ಮೂವತ್ತು ವರ್ಷದ ಚಾಳಿ, ಬಿಡಬೇಕಲ್ಲ! ಮುಚ್ಚಳದ ರಬ್ಬರಿನಲ್ಲಿ ತೇವ ಉಳಿದಿರಬೇಕು.

ತೆಪ್ಪಗಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಹಾಳು ಬಾಯಿ ಕೇಳಬೇಕಲ್ಲ!

“ಸರ್, ಡಬ್ಬಿ ಅಸಿಟೋನಲ್ಲಿ ತೊಳೆದೋನು ನಾನು. ಅವಳದ್ದೇನೂ ತಪ್ಪಿಲ್ಲ. ಬೇರೆ ಡಬ್ಬಿಲಿ ಇನ್ನೊಂದು ಸಲ ಮಾಡಿಸಿ. ನಾನು ಆ ಕಡೆ ತಲೆನೂ ಹಾಕಲ್ಲ.”

ಮ್ಯಾನೇಜರು ನನ್ನನ್ನು ಚೆನ್ನಾಗಿ ಬೈದರು, ಆದರೆ ಒಪ್ಪಿದರು. ಮರುದಿನ ಮತ್ತೆ ಗಡಗಡ. ವರದಿ: ದ್ರಾವಕ ಇಲ್ಲವೇ ಇಲ್ಲ.

ಅವಳು ಓಡೋಡಿ ಬಂದವಳು ಉಗ್ರಾಣದ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು. ಗೆದ್ದವಳು ಅಳುವುದುಂಟೇ?

“ಮಾವ, ನಿಮಗೆ ಬೇಜಾರಿಲ್ವಾ?”

“ಬೇಜಾರಿದೆ ಕಣೇ, ಹೊಟ್ಟೆ ಉರೀತಿದೆ. ಆದ್ರೆ ನಿನ್ನೆ ನಿನ್ನನ್ನ ಸುಳ್ಳಿ ಅಂದ್ರಲ್ಲ, ಆಗ ಇದಕ್ಕಿಂತ ಜಾಸ್ತಿ ಉರೀತು.”